ಸಲಕ್ಕೆ ನೂರು ಗ್ರಾಂ

ಫೆಬ್ರವರಿ ೪, ಬುಧವಾರ

ಆಸ್ಪತ್ರೆಯ ಊಟದ ಮೇಡಂ ಎರಡು ನೋಟ್‌ಬುಕ್ ಕೊಟ್ಟಳು. ದಿನಾ ಏನು ತಿಂದೆ, ಎಷ್ಟು ತಿಂದೆ ಅಂತ ಬರೆಯಬೇಕಂತೆ. ಒಂದು ತುಂಬಿದರೆ ಇನ್ನೊಂದು ಇರಲಿ ಅಂದಳು. ತುಂಬುವುದಕ್ಕೆ ಏನಿದೆ ಮಣ್ಣು? ಬೆಳಿಗ್ಗೆ ನಾಲ್ಕು ಚಮಚ, ಮಧ್ಯಾಹ್ನ ನಾಲ್ಕು ಚಮಚ. ಒಂದೇ ಪುಟದಲ್ಲಿ ಒಂದು ವರ್ಷ ಮುಗಿಯುತ್ತದೆ.

ಒಂದರಲ್ಲಿ ಅವಳಿಗೆ ಬೇಕಾದದ್ದು ಬರೆಯುತ್ತೇನೆ. ಇದು ನನ್ನದು. ಹತ್ತನೇ ಕ್ಲಾಸಿನ ಪರೀಕ್ಷೆ ಆದ ಮೇಲೆ ಎರಡು ಸಾಲಿಗಿಂತ ಹೆಚ್ಚು ಬರೆದದ್ದು ಇವತ್ತೇ. ಬರೆಯದಿದ್ದರೆ ಯಾರಿಗಾದರೂ ಹೊಡೆದುಬಿಡುತ್ತೇನೆ.

ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆದು ಇವತ್ತಿಗೆ ಹದಿನೈದು ದಿನ. ಉಳಿದದ್ದು ಒಂದು ಬಾಳೆಹಣ್ಣಿನಷ್ಟು. ನೂರ ಐವತ್ತೆರಡು ಕಿಲೋ ಇದ್ದೆ. ನಿದ್ದೆಯಲ್ಲಿ ಉಸಿರು ನಿಲ್ಲುತ್ತಿತ್ತು. ಅಮ್ಮ ಹೋದದ್ದೂ ಹಾಗೇ, ಮೂರು ವರ್ಷದ ಹಿಂದೆ. ನನ್ನ ಹೆತ್ತ ಮುದುಕ ಅದನ್ನೇ ಹಿಡಿದುಕೊಂಡು ಕೂತ. ಆಪರೇಷನ್ ಆಗಲೇಬೇಕು, ಆಗಲೇಬೇಕು. ಆಯಿತಲ್ಲ, ಈಗ ಅವನಿಗೆ ಸಮಾಧಾನ.

ಮೇಡಂ ಹೇಳಿದಳು: "ಹೊಟ್ಟೇಲಿ ಹೊಲಿಗೆ ಇದೆ, ನೆನಪಿರಲಿ. ಜಾಸ್ತಿ ತುರುಕಿದ್ರೆ ಬಿಚ್ಚುತ್ತೆ. ಕಮ್ಮಿ ತಿಂದ್ರೆ ಮೈ ತನ್ನ ಮಾಂಸಾನೇ ತಾನು ತಿನ್ನೋಕೆ ಶುರು ಮಾಡುತ್ತೆ. ಎರಡೂ ಕಡೆ ಗುಂಡಿ, ನಡುವೆ ನಡೀಬೇಕು."

ಮುದುಕ ನನಗಿಂತ ಮುಂಚೆ ಬಾಯಿ ಹಾಕಿದ. "ನಾಲ್ಕು ಚಮಚ ಅಂದ್ರೆ ಮಟ್ಟಸವಾಗಿ ತುಂಬಿದ್ದಾ, ರಾಶಿ ಹಾಕಿದ್ದಾ ತಾಯಿ?"

ಅವಳು ನಕ್ಕು ಒಂದು ಪ್ಲಾಸ್ಟಿಕ್ ಕಪ್ಪು ಕೊಟ್ಟಳು. ಅದರಲ್ಲಿ ಗೆರೆ ಇದೆ. ಗೆರೆಯವರೆಗೆ, ದಿನಕ್ಕೆ ಆರು ಸಲ, ಎಲ್ಲಾ ನುಣ್ಣಗೆ ಅರೆದದ್ದು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರಲ್ಲ, ಅದು ನಾನು. ಮುದುಕ ಆ ಕಪ್ಪನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಂಡ. ಚಿನ್ನ ಸಿಕ್ಕಿದವನ ಹಾಗೆ.

ಫೆಬ್ರವರಿ ೭, ಶನಿವಾರ

ನಮ್ಮ ಮನೆ ಎರಡು ಕೋಣೆ, ಒಂದು ಅಡುಗೆಮನೆ, ಮೂರನೇ ಮಹಡಿ. ಈ ಎರಡು ಕೋಣೆಯಲ್ಲಿ ಮುದುಕನಿಂದ ತಪ್ಪಿಸಿಕೊಳ್ಳಲು ಜಾಗ ಇಲ್ಲ. ಬೇಳೆ ಬೇಯಿಸಿ ಅರೆಯುತ್ತಾನೆ, ಮೊಟ್ಟೆ ಬೇಯಿಸಿ ಅರೆಯುತ್ತಾನೆ. ಮಿಕ್ಸಿ ಶಬ್ದ ಕೇಳಿದರೆ ಸಾಕು, ನನಗೆ ಹಲ್ಲು ಕಡಿಯುವ ಹಾಗಾಗುತ್ತದೆ. ಗೆರೆಯವರೆಗೆ ಹಾಕಿ, ಕಪ್ಪನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಾನೆ. ಗೆರೆಗಿಂತ ಕೂದಲೆಳೆಯಷ್ಟು ಮೇಲಿದ್ದರೂ ಚಮಚದ ತುದಿಯಲ್ಲಿ ತೆಗೆಯುತ್ತಾನೆ.

ಆಮೇಲೆ ಗೋಡೆ ಗಡಿಯಾರ ನೋಡಿಕೊಂಡು ಎದುರಿಗೆ ಕೂರುತ್ತಾನೆ. ಒಂದು ಹೊತ್ತಿಗೆ ಇಪ್ಪತ್ತು ನಿಮಿಷ ಅಂತ ಮೇಡಂ ಹೇಳಿದ್ದಾಳೆ.

"ನುಂಗಬೇಡ, ಅಗಿ" ಅಂದ.

"ಗಂಜೀನ ಏನು ಅಗೀಲಿ?"

"ಬಾಯಲ್ಲಿ ಇಟ್ಕೊ, ಹಾಗಾದ್ರೆ."

"ನೀನೇ ಇಟ್ಕೊ."

ಇಟ್ಟುಕೊಂಡ! ತನಗೂ ಅಂಥದೇ ಒಂದು ಲೋಟದಲ್ಲಿ ಅದೇ ಗಂಜಿ ಹಾಕಿಕೊಂಡು, ನನ್ನ ಹಾಗೇ ಸಣ್ಣ ಚಮಚ ಹಿಡಿದು, ನನ್ನ ಹಾಗೇ ಬಾಯಿ ಮಾಡುತ್ತಾನೆ. ಅಣಕ. ಚಿಕ್ಕಂದಿನಲ್ಲಿ ಸ್ಕೂಲಿನಲ್ಲಿ ಹುಡುಗರು ನನ್ನ ನಡಿಗೆಯನ್ನು ಅಣಕಿಸುತ್ತಿದ್ದರು. ಅವರಾದರೂ ಹಿಂದೆ ನಿಂತು ಮಾಡುತ್ತಿದ್ದರು.

ಅವನು ಅಳೆಯುವಾಗ ನಾನು ನೋಡುವುದಿಲ್ಲ ಅಂತ ಇವತ್ತು ತೀರ್ಮಾನ ಮಾಡಿದೆ. ಗೋಡೆ ಕಡೆ ತಿರುಗಿ ಕೂರುತ್ತೇನೆ. ಕೊಟ್ಟಾಗ ತಿನ್ನುತ್ತೇನೆ. ಜೈಲಿನಲ್ಲಿ ಹಾಗೇ ತಾನೆ.

ಫೆಬ್ರವರಿ ೨೩, ಸೋಮವಾರ

ಕೆಲಸಕ್ಕೆ ಹೋದೆ. ಬದುಕಿದೆ ಅನ್ನಿಸಿತು.

ನನ್ನ ಕೆಲಸ ಲಾರಿ ತೂಗುವುದು. ಜಲ್ಲಿ ಯಾರ್ಡಿನ ಬಾಗಿಲಲ್ಲಿ ವೇಬ್ರಿಡ್ಜ್ ಇದೆ, ಪಕ್ಕದಲ್ಲಿ ಗಾಜಿನ ಕ್ಯಾಬಿನ್ನು, ಒಳಗೆ ನಾನು. ಲಾರಿ ಮೊದಲು ಖಾಲಿ ಹತ್ತಬೇಕು. ಆಮೇಲೆ ಜಲ್ಲಿ ತುಂಬಿಕೊಂಡು ಹತ್ತಬೇಕು. ತುಂಬಿದ್ದರಲ್ಲಿ ಖಾಲಿ ಕಳೆದರೆ ಮಾಲು. ಇಷ್ಟೇ. ಆದರೆ ಈ ಇಷ್ಟನ್ನು ಡ್ರೈವರ್‌ಗಳ ತಲೆಗೆ ತುಂಬುವುದರಲ್ಲಿ ನನ್ನ ಐದು ವರ್ಷ ಹೋಗಿದೆ. ಇವತ್ತೂ ಒಬ್ಬ ಹೊಸಬ ಸೀದಾ ತುಂಬಿಕೊಂಡು ಬಂದ.

"ಖಾಲಿ ತೂಕ ಎಲ್ಲಿ?"

"ಅಂದಾಜು ಏಳು ಟನ್ ಹಾಕ್ಕೊಳ್ಳಿ ಸಾರ್."

"ಅಂದಾಜು ನಿಮ್ಮ ಮಾವನ ಮನೇಲಿ ಇಟ್ಕೋ. ಖಾಲಿ ತೂಕ ಇಲ್ಲದೆ ತುಂಬಿದ ತೂಕ ಹೇಳೋನು ಮೂರ್ಖ, ಕೇಳೋನು ಅವನಪ್ಪ. ಸುರಿದು ಬಾ, ಹೋಗು."

ಹಿಂದಿನ ಲಾರಿಯಿಂದ ಮೀಸೆ ತಲೆ ಹಾಕಿ ಕೂಗಿದ. ಮೀಸೆ ಹಳೇ ಡ್ರೈವರು, ನನಗೆ 'ಲೋಡು' ಅಂತ ಹೆಸರಿಟ್ಟವನು ಅವನೇ. "ಏ ಲೋಡು! ಅರ್ಧ ಅನ್‌ಲೋಡ್ ಮಾಡಿಸ್ಕೊಂಡ್ ಬಂದಿದೀಯಲ್ಲೋ! ಬಾಯಿ ಮಾತ್ರ ಫುಲ್ ಲೋಡೇ ಇದೆ!"

ಮಧ್ಯಾಹ್ನ ಲಾರಿ ಇಲ್ಲದಾಗ ವೇಬ್ರಿಡ್ಜ್ ಮೇಲೆ ನಾನೇ ಹೋಗಿ ನಿಂತೆ. ಮೀಸೆ ಕ್ಯಾಬಿನ್ನಿಗೆ ಹೋಗಿ ಓದಿದ. ನಮ್ಮ ಯಂತ್ರ ಹತ್ತು ಕಿಲೋಗಿಂತ ಕಮ್ಮಿ ಇರುವುದನ್ನು ಲೆಕ್ಕಕ್ಕೇ ಇಡುವುದಿಲ್ಲ. ನೂರ ಮೂವತ್ತು ಅಂತ ತೋರಿಸಿತಂತೆ. ಹೋದ ಸಲ ನೂರ ಐವತ್ತು ಇತ್ತು.

ಡಬ್ಬಿಯಲ್ಲಿ ಅರೆದ ಕೋಳಿ ಇತ್ತು. ಸಿಮೆಂಟು ಕಲಸಿದ ಹಾಗೆ. ತಿಂದೆ.

ಮಾರ್ಚ್ ೪, ಬುಧವಾರ

ಆರು ವಾರ ಆಯಿತು. ಇನ್ನು ಅರೆಯುವುದು ಬೇಡ, ಮೆತ್ತಗಿನ ಗಟ್ಟಿ ಆಹಾರ ತಿನ್ನಬಹುದು ಅಂದಳು ಮೇಡಂ. ಸಲಕ್ಕೆ ನೂರು ಗ್ರಾಂ, ದಿನಕ್ಕೆ ಐದು ಸಲ. ಮೊದಲು ಮೊಟ್ಟೆ, ಮೀನು, ಕೋಳಿ, ಬೇಳೆ. ಜಾಗ ಉಳಿದರೆ ತರಕಾರಿ. ಊಟದ ಜೊತೆ ನೀರು ಇಲ್ಲ. "ನೂರಕ್ಕಿಂತ ಜಾಸ್ತಿ ಬೇಡ, ಕಮ್ಮೀನೂ ಬೇಡ" ಅಂದಳು.

ಗ್ರಾಂ ಅನ್ನುವ ಮಾತು ಕೇಳಿದ್ದೇ ಮುದುಕನ ಬೆನ್ನು ನೆಟ್ಟಗಾಯಿತು. ಮೂವತ್ತೊಂದು ವರ್ಷ ಧಾನ್ಯದ ಗೋದಾಮಿನಲ್ಲಿ ತೂಗಿದವನು. ಬರುತ್ತಾ ದಾರಿಯಲ್ಲೇ ಒಂದು ಅಡುಗೆಮನೆ ತಕ್ಕಡಿ ಕೊಂಡ. ಅಂಗೈಯಗಲದ್ದು, ಗಾಜಿನ ತಟ್ಟೆ, ಎರಡು ಗುಂಡಿ.

ಮನೆಗೆ ಬಂದು ಅದರ ಸೊನ್ನೆ ಗುಂಡಿಯ ಮೇಲೆ ಕಪ್ಪು ಟೇಪು ಅಂಟಿಸಿದ. ವೈರಿಗೆ ಸುತ್ತುತ್ತಾರಲ್ಲ, ಆ ಟೇಪು.

"ಅದ್ಯಾಕೆ?" ಅಂದೆ.

"ಗೋದಾಮಲ್ಲಿ ಸೊನ್ನೆ ತಿರುಗಿಸೋ ತಿರುಪಿಗೆ ಅರಗು ಹಾಕಿ ಮುದ್ರೆ ಒತ್ತಿರ್ತಿದ್ವಿ. ಸೊನ್ನೆ ಮುಟ್ಟೋನು ಕಳ್ಳ."

"ಈ ಮನೇಲಿ ಇರೋದು ಇಬ್ರು. ಯಾರು ಕಳ್ಳ?"

ಟೇಪನ್ನು ಹೆಬ್ಬೆರಳಲ್ಲಿ ಇನ್ನೊಮ್ಮೆ ಒತ್ತಿದ. ಸ್ವಂತ ಮಗನನ್ನು ಕಳ್ಳ ಅನ್ನುವುದಕ್ಕೆ ಟೇಪು ಬೇಕಾ, ಬಾಯಲ್ಲೇ ಹೇಳಬಹುದಿತ್ತು. ಅಮ್ಮನ ಕಾಲದ ಎರಡು ಸ್ಟೀಲ್ ಬಟ್ಟಲು ತೊಳೆದು ಇಟ್ಟ. ಇನ್ನು ಮೇಲೆ ಈ ಬಟ್ಟಲಲ್ಲೇ ಅಂತೆ, ಡಬ್ಬಿಗೆ ಹಾಕುವುದೂ ಇದರಲ್ಲೇ ತೂಗಿ. ನಾನು ಗೋಡೆ ಕಡೆ ತಿರುಗಿದೆ. ಆ ಗೋಡೆಯಲ್ಲಿ ಒಂದು ಬಿರುಕು ಇದೆ. ಅದರ ಒಂದೊಂದು ಕವಲೂ ನನಗೆ ಬಾಯಿಪಾಠ.

"ನೂರು" ಅಂದ ಬೆನ್ನ ಹಿಂದೆ, ಕೋರ್ಟಿನಲ್ಲಿ ತೀರ್ಪು ಹೇಳುವ ಹಾಗೆ.

ಮಾರ್ಚ್ ೧೧, ಬುಧವಾರ

ಒಂದು ಮೊಟ್ಟೆ ಪೂರ್ತಿ ಕೊಡುವುದಿಲ್ಲ ಪಾಪಿ. ತುದಿ ಕತ್ತರಿಸಿ ತೆಗೆಯುತ್ತಾನೆ! ಇವತ್ತು ಬಟ್ಟಲು ಮುಂದೆ ಇಟ್ಟಾಗ ನೋಡಿದೆ, ಮೊಟ್ಟೆಗೆ ತಲೆಯೇ ಇಲ್ಲ.

"ಉಳಿದಿದ್ದು ಎಲ್ಲಿ?"

"ನೂರಾಯ್ತು."

"ಮೊದಲು ಗಂಜಿ ಇದಕ್ಕಿಂತ ಜಾಸ್ತಿ ಇತ್ತು."

"ಅದು ನೀರು. ಇದು ಗಟ್ಟಿ. ಹತ್ತಿ ಒಂದು ಮೂಟೆ, ಕಬ್ಬಿಣ ಒಂದು ಹಿಡಿ" ಅಂದ. ಗೋದಾಮಿನ ಜ್ಞಾನ.

ಮೇಡಂ ಪುಸ್ತಕದಲ್ಲಿ ಬರೆದೆ: ಮೊಟ್ಟೆ, ನೂರು ಗ್ರಾಂ.

ಮಾರ್ಚ್ ೧೯, ಗುರುವಾರ

ಬೆಳಿಗ್ಗೆ ಬಾಚಣಿಗೆಯಲ್ಲಿ ಕೂದಲು ಹಿಡಿಗಟ್ಟಲೆ ಬಂತು. ಮೆಟ್ಟಿಲು ಇಳಿಯುವಾಗ ಕಣ್ಣು ಕತ್ತಲೆ. ನೂರ ಐವತ್ತು ಕಿಲೋ ಹೊತ್ತುಕೊಂಡು ಓಡಾಡಿದವನಿಗೆ ಈಗ ಅಂಗಿಯೇ ಭಾರ. ಹಸಿವು ಅಂತಲ್ಲ, ಹಸಿವು ಇದ್ದರೆ ಅದರ ಜೊತೆ ಜಗಳವಾದರೂ ಆಡಬಹುದಿತ್ತು. ಮೈಯಲ್ಲಿ ಯಾರೋ ನಲ್ಲಿ ತಿರುಗಿಸಿ ಬಿಟ್ಟ ಹಾಗೆ, ಶಕ್ತಿ ಎಲ್ಲಾ ಸೋರಿಹೋಗುತ್ತಿದೆ.

ಮುದುಕ ಮಾತ್ರ ದಿನಾ ಹನ್ನೊಂದಕ್ಕೆ ಚೀಲ ಹಿಡಿದು ಹೊರಗೆ ಹೋಗುತ್ತಾನಂತೆ, ಬರುವುದು ಒಂದು ಗಂಟೆಗೆ. ಮಾರ್ಕೆಟ್ಟು ಇರುವುದು ಹತ್ತು ನಿಮಿಷದ ದಾರಿ. ಉಳಿದ ಹೊತ್ತು ಎಲ್ಲಿ? ನನಗೆ ಗೊತ್ತಿಲ್ಲವಾ! ನನ್ನ ಎದುರಿಗೆ ಬಟ್ಟಲು ಹಿಡಿದು ನಾಟಕ, ಆಚೆ ಎಲ್ಲೋ ಕೂತು ತಟ್ಟೆ ತುಂಬಾ ಊಟ. ಹೊಟ್ಟೆ ತುಂಬಿದವನಿಗೇ ಬೇರೆಯವರ ಊಟ ಅಳೆಯುವಷ್ಟು ತಾಳ್ಮೆ ಇರುತ್ತದೆ.

ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹೊಡೆಯುತ್ತಾ ಕೂತಿದ್ದ ಸಾಯಂಕಾಲ. "ನನಗೆ ಹೊಸ ಬೆಲ್ಟೇ ಬೇಕು, ಅದು ಬೇಡ" ಅಂದೆ. "ಇದು ನಂದು" ಅಂದ.

ಮಾರ್ಚ್ ೨೬, ಗುರುವಾರ

ಬರೆಯುವುದಕ್ಕೆ ನಾಚಿಕೆ. ಆದರೂ ಬರೆಯುತ್ತೇನೆ, ಯಾರು ಓದುತ್ತಾರೆ.

ಮೀಸೆ ಸೀಟಿನ ಮೇಲೆ ಒಂದು ಬನ್ನು ಇಟ್ಟಿದ್ದ. ಅವನು ಟೈರಿಗೆ ಗಾಳಿ ನೋಡುತ್ತಿದ್ದಾಗ ಲಾರಿ ಹತ್ತಿ ತಿಂದೆ. ಮೂರು ತುತ್ತು, ಅಗಿಯದೆ. ನಾಲ್ಕನೆಯದಕ್ಕೆ ಎದೆಯಲ್ಲಿ ಗೂಟ ಹೊಡೆದ ಹಾಗಾಯಿತು. ಒಳಗೂ ಹೋಗದು, ಹೊರಗೂ ಬಾರದು. ಕ್ಯಾಬಿನ್ನಿನ ಹಿಂದೆ ಬಗ್ಗಿ ನಿಂತು ಮುಕ್ಕಾಲು ಗಂಟೆ ನೊರೆ ಉಗಿದೆ. ಆಚೆ ಎಂಟು ಲಾರಿ ಹಾರನ್ ಹೊಡೆಯುತ್ತಿದ್ದವು.

ಮೀಸೆ ಬಂದು ಬೆನ್ನು ಸವರಿದ. "ಕೇಳಿದ್ರೆ ಕೊಡ್ತಿರ್ಲಿಲ್ವೇನೋ ಲೋಡು? ಕದ್ದು ತಿನ್ನೋ ಅಂಥದ್ದು ಏನಿತ್ತು ಆ ಒಣಕಲು ಬನ್ನಲ್ಲಿ?"

"ಮುಟ್ಟಬೇಡ" ಅಂದೆ.

ಮುದುಕ ಟೇಪು ಅಂಟಿಸಿದ್ದು ಸರಿ ಅಂತಾಯಿತಲ್ಲ. ಅದಕ್ಕೇ ಹೆಚ್ಚು ಉರಿಯಿತು.

ಏಪ್ರಿಲ್ ೧, ಬುಧವಾರ

ರಕ್ತದ ವರದಿ ಬಂತು. ಪ್ರೋಟೀನು ಪಾತಾಳದಲ್ಲಿದೆ. ಮೇಡಂ ನನ್ನ ಪುಸ್ತಕ ತಿರುವಿ ಹಾಕಿ, ಮೇಜಿನ ಮೇಲೆ ಇಟ್ಟು ಅದರ ಮೇಲೆ ಕೈ ಇಟ್ಟಳು.

"ಇದರಲ್ಲಿ ಬರೆದಿರೋದನ್ನ ತಿಂದಿದ್ರೆ ರಕ್ತ ಹೀಗಿರಲ್ಲ. ತಿಂದು ವಾಂತಿ ಮಾಡ್ತಿದೀಯ, ಇಲ್ಲ ಬರೀ ಬರೀತಿದೀಯ. ಯಾವುದು?"

"ಎರಡೂ ಅಲ್ಲ."

"ಸುಳ್ಳು ಹೇಳ್ಬೇಡ. ನಿನ್ನ ಥರದೋರನ್ನ ದಿನಾ ನೋಡ್ತೀನಿ."

ಹುಟ್ಟಿದಾಗಿನಿಂದ ನೂರೆಂಟು ಸುಳ್ಳು ಹೇಳಿದ್ದೇನೆ, ಎಲ್ಲಾ ನಂಬಿದ್ದಾರೆ. ಇದೊಂದು ನಿಜ. ಆ ಬನ್ನು ಬಿಟ್ಟರೆ ಪೂರ್ತಿ ನಿಜ. ಇದನ್ನು ನಂಬಲಿಲ್ಲ. ಮುದುಕ ಪಕ್ಕದಿಂದ, "ನಾನೇ ತೂಗಿ ಕೊಡ್ತೀನಿ ತಾಯಿ. ಒಂದು ಗ್ರಾಂ ಆಚೀಚೆ ಆಗಿಲ್ಲ" ಅಂದ. ಹಾಗಂದಿದ್ದೇ ನನ್ನ ಕುತ್ತಿಗೆಗೆ ಬಂತು. ಅಪ್ಪ ಸರಿಯಾಗಿ ಕೊಟ್ಟರೆ ಮಗನೇ ಕಕ್ಕುತ್ತಿರಬೇಕು ತಾನೆ. ಅವಳು ನನ್ನನ್ನು ನೋಡಿದ ನೋಟ ಸಾಯುವವರೆಗೂ ಮರೆಯಲ್ಲ.

ಹದಿನೈದು ದಿನ ಟೈಮು. ಹದಿನೈದನೇ ತಾರೀಕು ಮತ್ತೆ ರಕ್ತ ನೋಡುತ್ತಾರೆ. ಏರದಿದ್ದರೆ ಅಡ್ಮಿಟ್ಟು, ಮೂಗಿನಲ್ಲಿ ಕೊಳವೆ. ಯಾರ್ಡಿನ ಸಾಹುಕಾರ ಮೊದಲೇ ಹೇಳಿದ್ದಾನೆ, ಇನ್ನೊಂದು ಸಲ ಆಸ್ಪತ್ರೆ ಸೇರಿದರೆ ಕ್ಯಾಬಿನ್ನಿಗೆ ಬೇರೆಯವನು ಅಂತ. ಆ ಕ್ಯಾಬಿನ್ನು ಹೋದರೆ ನನಗೆ ಈ ಎರಡು ಕೋಣೆ, ಆ ಮುದುಕ, ಆ ತಕ್ಕಡಿ. ಅಷ್ಟೇ.

ಏಪ್ರಿಲ್ ೫, ಭಾನುವಾರ

ಬಟ್ಟಲು ಎಸೆದೆ. ಮೀನಿನ ಸಮೇತ ಗೋಡೆಗೆ ಹೊಡೆಯಿತು.

ಮೊದಲು ನಾನು ಕೇಳಿದ್ದು ನೆಟ್ಟಗೇ. "ಇನ್ನೊಂದು ತುಂಡು ಹಾಕು. ಇವತ್ತು ಎದ್ದು ನಿಲ್ಲೋಕಾಗ್ತಿಲ್ಲ."

"ನೂರಾಯ್ತು."

"ನೂರು, ನೂರು, ನೂರು! ಆ ಮೇಡಂ ನನ್ನ ಕಳ್ಳ ಅಂತಾಳೆ, ನೀನು ಕಳ್ಳ ಅಂತೀಯ!"

"ಹೊಲಿಗೆ ಬಿಚ್ಚಿದ್ರೆ?"

"ಬಿಚ್ಲಿ! ಅಮ್ಮಂಗೂ ಹೀಗೇ ಅಳೆದೂ ಅಳೆದೂ ತಾನೆ ನೀನು ಸಾಯ್ಸಿದ್ದು?"

ಆಗ ಎಸೆದೆ.

ಅವನು ಏನಾದರೂ ಅನ್ನುತ್ತಾನೆ ಅಂತ ಕಾದೆ. ಹೊಡೆಯಲಿ ಅಂತಲೂ ಕಾದೆ. ಮಂಡಿಯೂರಿ ಮೀನಿನ ತುಂಡು ಒಂದೊಂದೇ ಆರಿಸಿದ. ಏಳುವಾಗ ಮೇಜಿನ ಕಾಲು ಹಿಡಿದುಕೊಂಡ. ಬಟ್ಟಲು ತೊಳೆದ, ಒಂದು ಕಡೆ ನೆಗ್ಗಿತ್ತು, ಒಳಗಿನಿಂದ ಹೆಬ್ಬೆರಳಲ್ಲಿ ಒತ್ತಿ ಸರಿಮಾಡಿದ. ಪಾತ್ರೆಯಿಂದ ಬೇರೆ ಮೀನು ಹಾಕಿ ಮತ್ತೆ ತೂಗಿದ.

"ನೂರು" ಅಂದ. ಈ ಸಲ ದನಿ ಇರಲಿಲ್ಲ.

ತಿಂದೆ. ಹೇಳಿದ್ದಕ್ಕೆ ನನಗೇನೂ ಬೇಜಾರಿಲ್ಲ.

ಏಪ್ರಿಲ್ ೬, ಸೋಮವಾರ

ಮುದುಕ ಮಾತಾಡಲಿಲ್ಲ. ಒಳ್ಳೆಯದಾಯಿತು.

ಏಪ್ರಿಲ್ ೭, ಮಂಗಳವಾರ

ಇವತ್ತೂ ಇಲ್ಲ. ನೂರು ಅಂತಲೂ ಅನ್ನಲಿಲ್ಲ, ಬಟ್ಟಲು ಇಟ್ಟು ಸುಮ್ಮನೆ ಕೂತ.

ಏಪ್ರಿಲ್ ೯, ಗುರುವಾರ

ಮಧ್ಯಾಹ್ನ ಒಂದು ಗಂಟೆಗೆ ಕೆಳಗಿನ ಅಂಗಡಿಯ ದರ್ಜಿ ಫೋನ್ ಮಾಡಿದ. "ನಿಮ್ಮಪ್ಪ ಮೆಟ್ಟಿಲ ಮೇಲೆ ಬಿದ್ದಿದಾರೆ, ಬೇಗ ಬಾ." ಮೀಸೆ ಜಲ್ಲಿ ಲೋಡಿನ ಲಾರಿಯಲ್ಲೇ ಕೂರಿಸಿಕೊಂಡು ಬಂದ. ತೂಕ ಮಾಡದೆ ಯಾರ್ಡಿನಿಂದ ಆಚೆ ಹೋದ ಮೊದಲ ಲಾರಿ ಅದು. ನನ್ನ ಲೆಕ್ಕದಲ್ಲಿ.

ದರ್ಜಿ ಅಪ್ಪನನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿದ್ದ. ಹಣೆಯಲ್ಲಿ ರಕ್ತ. ಚೀಲದಲ್ಲಿ ನಾಲ್ಕು ಮೊಟ್ಟೆ ಇತ್ತು, ಒಂದೂ ಒಡೆದಿರಲಿಲ್ಲ, ಎದೆಗೆ ಹಿಡಿದುಕೊಂಡೇ ಬಿದ್ದಿದ್ದಾನೆ.

"ಎಲ್ಲಿ ಹೋಗಿದ್ದ ಇವನು?" ಅಂದೆ.

"ಎಲ್ಲಿ ಹೋಗ್ತಾರೆ? ಮಾರ್ಕೆಟ್ಟಿಗೆ. ಹೋಗೋವಾಗ ನನ್ನ ಅಂಗಡೀಲಿ ಅರ್ಧ ಗಂಟೆ ಕೂರ್ತಾರೆ, ಬಂದು ಅರ್ಧ ಗಂಟೆ ಕೂರ್ತಾರೆ. ಮೆಟ್ಟಿಲು ಹತ್ತೋಕೆ ಮೈಯಲ್ಲಿ ಶಕ್ತಿ ಇರಲ್ಲ ಅಂತಾರೆ. ಒಂದು ಟೀ ತರಿಸ್ತೀನಿ ಅಂದ್ರೂ ಬೇಡ. ನನ್ನ ಮಗಂದು ಒಂದೂವರೆಗೆ, ಆವಾಗಲೇ ನಂದೂ ಅಂತಾರೆ." ದರ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಏನಯ್ಯಾ, ಮನೇಲಿ ಊಟ ಹಾಕಲ್ವಾ ಅವರಿಗೆ?"

ಅವನ ಹಲ್ಲು ಉದುರಿಸಬೇಕು ಅನ್ನಿಸಿತು. ಕೈ ಎತ್ತಲು ಆಗಲಿಲ್ಲ, ಆ ಕೈಯಲ್ಲಿ ಅಪ್ಪನ ತಲೆ ಇತ್ತು.

ಎತ್ತಿದಾಗ ಗೊತ್ತಾಯಿತು. ತೂಕವೇ ಇಲ್ಲ. ದಿನಕ್ಕೆ ಎಂಬತ್ತು ಲಾರಿ ತೂಗುವವನು ನಾನು, ಎದುರಿಗೆ ಕೂತವನ ತೂಕ ನೋಡಲಿಲ್ಲ.

ಕ್ಲಿನಿಕ್ಕಿನ ಡಾಕ್ಟರು ಎರಡು ಬಾಟಲಿ ಗ್ಲೂಕೋಸು ಏರಿಸಿದರು. "ಏನು ತಿಂತಾರೆ ಇವರು?"

"ನಾನು ತಿಂದಷ್ಟೇ" ಅಂದೆ. ಹೇಳಿದ ಮೇಲೆ ನನ್ನ ಕಿವಿಗೇ ಕೇಳಿಸಿತು.

"ನಿಮಗೆ ಹೊಟ್ಟೆ ಕತ್ತರಿಸಿದಾರೆ ಮಾರಾಯ. ಇವರಿಗೆ ಯಾರು ಕತ್ತರಿಸಿದ್ರು?"

ಏಪ್ರಿಲ್ ೧೦, ಶುಕ್ರವಾರ

ಕೆಲಸಕ್ಕೆ ಹೋಗಲಿಲ್ಲ. ಅಪ್ಪ ಹಾಸಿಗೆಯಲ್ಲಿ. ಮೊದಲ ಸಲ ನಾನೇ ಅಡುಗೆಗೆ ನಿಂತೆ. ಮೊಟ್ಟೆ ಬೇಯಿಸಿದೆ, ಬೇಳೆ ಬೇಯಿಸಿದೆ. ತಕ್ಕಡಿ ಮೇಲೆ ಬಟ್ಟಲು ಇಟ್ಟೆ. ಇನ್ನೂ ಏನೂ ಹಾಕಿರಲಿಲ್ಲ.

ಅರವತ್ತೆರಡು ಅಂತ ತೋರಿಸಿತು.

ಬಟ್ಟಲು ತೆಗೆದೆ, ಸೊನ್ನೆ. ಇಟ್ಟೆ, ಅರವತ್ತೆರಡು. ಎಷ್ಟು ಸಲ ತೆಗೆದು ಇಟ್ಟೆನೋ. ನೂರರಲ್ಲಿ ಅರವತ್ತೆರಡು ಸ್ಟೀಲು. ಊಟ ಮೂವತ್ತೆಂಟು. ಒಂದು ಮೊಟ್ಟೆಯೂ ಅಲ್ಲ. ಐದು ವಾರದಿಂದ, ದಿನಕ್ಕೆ ಐದು ಸಲ, ನಾವಿಬ್ಬರೂ ಬಟ್ಟಲು ತಿಂದಿದ್ದೇವೆ.

ತಕ್ಕಡಿ ಹಿಡಿದುಕೊಂಡೇ ಅವನ ಕೋಣೆಗೆ ಹೋಗಿ ಕೂಗಾಡಿದೆ. "ಬಟ್ಟಲಿನ ತೂಕ ಕಳೀಲಿಲ್ವಾ ನೀನು? ಖಾಲಿ ತೂಕ! ಖಾಲಿ ತೂಕ ತೆಗೀಬೇಕು ಅಂತ ಗೊತ್ತಿಲ್ವಾ?"

ಅವನಿಗೆ ಅರ್ಥವೇ ಆಗಲಿಲ್ಲ. "ಯಾಕೆ ಕಳೀಬೇಕು? ಮೂಟೆ ಅಂದ್ರೆ ಚೀಲ ಸಮೇತ ಕಣೋ. ಐವತ್ತು ಕಿಲೋ ಅಂದ್ರೆ ಚೀಲ ಸೇರಿ ಐವತ್ತು. ಮೂವತ್ತೊಂದು ವರ್ಷ ಹಾಗೇ ತೂಗಿದೀನಿ, ಎಲ್ಲಾ ಗೋದಾಮಲ್ಲೂ ಹಾಗೇ. ಚೀಲ ಕಳೆದು ತೂಗೋನು..." ಅಷ್ಟಕ್ಕೆ ನಿಂತ. ತಕ್ಕಡಿ ನೋಡಿದ. ಟೇಪು ನೋಡಿದ. "ಅಯ್ಯೋ" ಅಂದ.

"ಆ ಟೇಪು ಇರೋ ಗುಂಡಿ ಅದಕ್ಕೇ ಇರೋದು!"

"ಚೀಲ ಅರ್ಧ ಕಿಲೋ ಇರೋದು. ಐವತ್ತರಲ್ಲಿ ಅರ್ಧ ಯಾರಿಗೂ ಕಾಣ್ತಿರ್ಲಿಲ್ಲ" ಅಂದ, ಗೋಡೆಗೆ ಹೇಳುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿದ. "ನೀನು ತೂಗೋ ಕೆಲಸದೋನು. ದಿನಾ ಅಲ್ಲೇ ಕೂತಿದ್ದೆ. ಒಂದು ಸಲಾನೂ ನೋಡ್ಲಿಲ್ವಾ?"

ದೀಪದ ಬುಡ ಕತ್ತಲು. ಬಾಯಲ್ಲಿ ಎಷ್ಟೋ ಬೈಗುಳ ಇತ್ತು, ಒಂದೂ ಅವನಿಗೆ ಸರಿಹೋಗುವುದು ಸಿಗಲಿಲ್ಲ.

ಸಾಯಂಕಾಲ ಅಕ್ಕ ಫೋನ್ ಮಾಡಿದಳು, ಅವಳು ಮದುವೆಯಾಗಿ ದೂರ ಇದ್ದಾಳೆ. ಎಲ್ಲಾ ಹೇಳಿದೆ. ಮುದುಕನಿಗೆ ತಲೆ ಕೆಟ್ಟಿದೆ, ನನ್ನ ಅಣಕಿಸೋಕೆ ಹೋಗಿ ತಾನೇ ಬಿದ್ದ ಅಂದೆ.

"ಅಣಕ ಅಲ್ಲ ಕಣೋ. ಅಮ್ಮಂಗೆ ಡಾಕ್ಟರು ಕಮ್ಮಿ ತಿನ್ನು ಅಂದಿದ್ರಲ್ಲ, ಆಗ ನೀನು ಮನೇಲಿ ಎಲ್ಲಿ ಇರ್ತಿದ್ದೆ. ಅಮ್ಮ ಅರ್ಧ ಬಟ್ಟಲು ಇಟ್ಕೊಂಡು ಕೂರೋಳು. ಅಪ್ಪ ಎದುರಿಗೇ ತಟ್ಟೆ ತುಂಬಾ ಬಡಿಸ್ಕೊಂಡು ಉಣ್ಣೋನು, ಮೊಸರು ಹಾಕು, ಇನ್ನೊಂದು ಸೌಟು ಹಾಕು ಅಂತ. ನಾಲ್ಕೇ ದಿನ. ಆಮೇಲೆ ಅಮ್ಮ ಜೊತೇಲಿ ಕೂರೋದೇ ಬಿಟ್ಟಳು. ಅಡುಗೆಮನೇಲಿ ಒಬ್ಬಳೇ ಏನು ತಿಂತಿದ್ಲೋ, ಎಷ್ಟು ತಿಂತಿದ್ಲೋ. ಅಪ್ಪ ಒಂದು ದಿನಾನೂ ಎದ್ದು ಹೋಗಿ ನೋಡ್ಲಿಲ್ಲ. ಅದನ್ನ ನನ್ನ ಹತ್ರ ಒಂದೇ ಸಲ ಹೇಳಿದ್ದು, ಅವಳ ತಿಥಿ ದಿನ."

"ನನಗ್ಯಾಕೆ ಹೇಳ್ಲಿಲ್ಲ?" ಅಂದೆ.

"ನೀನು ಕೇಳಿಸ್ಕೊಳ್ಳೋ ಹಾಗೆ ಯಾವಾಗ ಇದ್ದೆ?"

ಫೋನ್ ಇಟ್ಟುಬಿಟ್ಟೆ. ಎಲ್ಲರಿಗೂ ನಾನೇ ಸಿಗುವುದು.

ಏಪ್ರಿಲ್ ೧೧, ಶನಿವಾರ

ಅಪ್ಪ ಹಠ ಹಿಡಿದಿದ್ದಾನೆ. ಡಾಕ್ಟರು ಅವನಿಗೆ ಅಳತೆ ಬೇಡ, ನಿಧಾನಕ್ಕೆ ಹೆಚ್ಚು ಮಾಡುತ್ತಾ ಹೊಟ್ಟೆ ತುಂಬಾ ಕೊಡಿ ಅಂದಿದ್ದಾರೆ. ತಟ್ಟೆಯಲ್ಲಿ ಹಾಕಿಕೊಟ್ಟರೆ ಅರ್ಧ ತಳ್ಳುತ್ತಾನೆ. "ನಿನ್ನಷ್ಟೇ ಸಾಕು." ಸತ್ತರೂ ಬುದ್ಧಿ ಬರಲ್ಲ ಇವನಿಗೆ.

ಬೈದೆ, ಬೇಡಿಕೊಂಡೆ, ಮತ್ತೆ ಬೈದೆ. ಕೊನೆಗೆ ಹೇಳಿದೆ: "ಸರಿ. ನಿನ್ನ ತಟ್ಟೆ ಖಾಲಿ ಆಗೋವರೆಗೆ ನಾನು ಚಮಚ ಮುಟ್ಟಲ್ಲ. ಹದಿನೈದಕ್ಕೆ ರಕ್ತ ಪರೀಕ್ಷೆ ಇದೆ. ಕೊಳವೆ ಹಾಕಿದ್ರೆ ನಿನ್ನಿಂದ."

ಅರ್ಧ ಗಂಟೆ ಇಬ್ಬರೂ ಹಾಗೇ ಕೂತೆವು. ಆಮೇಲೆ ತಿಂದ.

ಏಪ್ರಿಲ್ ೧೩, ಸೋಮವಾರ

ಎರಡು ಮೊಟ್ಟೆ, ಎರಡು ಬ್ರೆಡ್ಡು, ಅರ್ಧ ಬಾಳೆಹಣ್ಣು. ಮಧ್ಯಾಹ್ನ ದರ್ಜಿ ಮೇಲೆ ಬಂದು ಕೂತಿದ್ದು ಅಪ್ಪನಿಗೆ ತಿನ್ನಿಸಿದನಂತೆ, ಒಂದು ಬಟ್ಟಲು ಬೇಳೆ, ಎರಡು ತುಂಡು ಮೀನು. ದರ್ಜಿ ಫೋನಲ್ಲಿ ವರದಿ ಒಪ್ಪಿಸಿದ. ಅವನ ಹಲ್ಲು ಸದ್ಯಕ್ಕೆ ಇರಲಿ. ರಾತ್ರಿಗೆ ಕೋಳಿ, ಮೂರು ತುಂಡು. ನಾಲ್ಕನೆಯದು ಕರವಸ್ತ್ರದಲ್ಲಿ ಮುಚ್ಚಿಡಲು ನೋಡಿದ. ಹಿಡಿದೆ. ಈ ಮನೆಯ ಕಳ್ಳ ಯಾರು ಅಂತ ಈಗ ಗೊತ್ತಾಯಿತು.

ಏಪ್ರಿಲ್ ೧೫, ಬುಧವಾರ

ರಕ್ತ ಸ್ವಲ್ಪ ಏರಿದೆ. ತುಂಬಾ ಅಲ್ಲ, ಆದರೆ ಕೊಳವೆ ಬೇಡ ಅಂದಳು ಮೇಡಂ. ಬಟ್ಟಲಿನ ಕಥೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ಅವತ್ತು ನಿನ್ನ ನಂಬಬೇಕಿತ್ತು" ಅಂದಳು. ಅಂದರೆ ಏನು ಬಂತು ಈಗ. ಇರಲಿ.

ಆಮೇಲೆ ಅವಳಿಗಂತ ನಾನು ಬರೆಯುವ ಪುಸ್ತಕ ತೆರೆದಳು, ಹಾಳೆ ತಿರುವಿದಳು, ಹಿಂದೆ ತಿರುವಿದಳು.

"ಹತ್ತನೇ ತಾರೀಕಿಂದ ಇದ್ಯಾರದ್ದು? ಬ್ರೆಡ್ಡು, ಬಾಳೆಹಣ್ಣು, ಮೂರು ತುಂಡು ಕೋಳಿ... ಇದು ನಿಂದಲ್ಲ."

ಬಗ್ಗಿ ನೋಡಿದೆ. ನನ್ನದೇ ಅಕ್ಷರ. ಐದು ದಿನದ್ದೂ ಅಪ್ಪನದೇ.

"ನಿಂದೆಲ್ಲಿ?"

"ಬರೆಯೋದು ಮರೆತೆ" ಅಂದೆ. ಅವಳು ಬೈಯದೆ ಪುಸ್ತಕ ಮುಚ್ಚಿ ಕೊಟ್ಟಳು. ಹೆಂಗಸರ ಮನಸ್ಸು ಯಾರಿಗೆ ಗೊತ್ತು.

ಮನೆಗೆ ಬಂದು ಬೇಳೆ, ಮೊಟ್ಟೆ ಮಾಡಿದೆ. ನಾನು ತಕ್ಕಡಿ ತೆಗೆದ ಕೂಡಲೇ ಅಪ್ಪ ಗೋಡೆ ಕಡೆ ತಿರುಗಿ 'ಬಿರುಕು ದೊಡ್ಡದಾಗಿದೆ' ಅಂತ ಏನೋ ಗೊಣಗಿದ.

"ಈ ಕಡೆ ನೋಡು" ಅಂದೆ.

"ನೀನು ತೂಗು. ನನ್ನದೇನಿದೆ ಅದರಲ್ಲಿ."

"ನೋಡು ಅಂದೆ. ಆಮೇಲೆ ನನ್ನ ಮೇಲೆ ಹೇಳ್ಬಾರದು."

ತಿರುಗಿದ. ಉಗುರಿನಲ್ಲಿ ಟೇಪು ಕಿತ್ತೆ. ಅಂಟು ಉಳಿಯಿತು, ಅಂಗಿ ತುದಿಯಲ್ಲಿ ಉಜ್ಜಿದೆ. ನೆಗ್ಗಿದ ಬಟ್ಟಲು ಇಟ್ಟೆ, ಗುಂಡಿ ಒತ್ತಿದೆ. "ಓದು" ಅಂದೆ.

ಕನ್ನಡಕ ಹಾಕಿಕೊಂಡು, ಗೋದಾಮಿನಲ್ಲಿ ಬಗ್ಗುತ್ತಿದ್ದ ಹಾಗೇ ಬಗ್ಗಿ, ತುಂಬಾ ಹೊತ್ತು ನೋಡಿದ.

"ಸೊನ್ನೆ" ಅಂದ.

ನನ್ನದು ನೂರು ತೂಗಿದೆ. ಅವನ ತಟ್ಟೆಗೆ ತೂಗದೆ ಬಡಿಸಿದೆ. "ಜಾಸ್ತಿ ಆಯ್ತು" ಅಂದ. "ಬಾಯಿ ಮುಚ್ಕೊಂಡು ತಿನ್ನು" ಅಂದೆ. ಹಾಳಾದವನು ಒಂದೊಂದು ತುತ್ತನ್ನೂ ಇಪ್ಪತ್ತು ಸಲ ಅಗಿಯುತ್ತಾನೆ, ಅಭ್ಯಾಸ ಆಗಿಬಿಟ್ಟಿದೆ. ಗಡಿಯಾರ ನೋಡುತ್ತಾ ಎದುರಿಗೆ ಕೂತಿದ್ದೆ. ತಟ್ಟೆ ಬಳಿದು ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು.

ನನ್ನದು ಆರಿಹೋಗಿತ್ತು.